ಕಾಂಪ್ಲೆಕ್ಸ್ ಎಂದರೆ ಬಸ್ ನಿಲ್ದಾಣದ ಎದುರಿನ ಕಟ್ಟಡ

ತರಗತಿಯಲ್ಲಿ 'ಕಾಂಪ್ಲೆಕ್ಸ್' ಎಂಬ ಪದದ ಅರ್ಥ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಬಸ್ ನಿಲ್ದಾಣದ ಎದುರಿಗೆ ಇದೆಯಲ್ಲ ಮೇಡಂ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು, ಅದು" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ನಗು ಅಡಗುವ ಮೊದಲೇ ಮುಧೋಳ ಕಡೆಯ, ಕಬ್ಬು ಬೆಳೆಯುವ ಮನೆಯ ಹುಡುಗ, "ಗೊಬ್ಬರದ ಹೆಸರೂ ಹೌದು ಮೇಡಂ" ಎಂದು ಸೇರಿಸಿದ. ಇನ್ನೊಬ್ಬಳಿಗೆ ಬಿ-ಕಾಂಪ್ಲೆಕ್ಸ್ ಗುಳಿಗೆ ನೆನಪಾಯಿತು.

ಅಂದಿನ ಪಾಠದಲ್ಲಿದ್ದ ವಾಕ್ಯ ಮನುಷ್ಯನ ಮನಸ್ಸಿನ ಬಗ್ಗೆ. ಬೋರ್ಡಿನ ಮೇಲೆ 'ಸಂಕೀರ್ಣ' ಎಂದು ಬರೆದೆ. ಎರಡು ಸಾಲು ಕೆಳಗೆ 'ಕಾಂಪ್ಲಿಕೇಟೆಡ್' ಬಂತು, 'ಜಟಿಲ' ಎಂದು ಬರೆದೆ. ಮುಂದೆ 'ಇಂಟ್ರಿಕೇಟ್', ತುಸು ತಡೆದು 'ಕ್ಲಿಷ್ಟ' ಎಂದೆ. ಪುಟ ತಿರುಗಿಸಿದರೆ 'ಅಬ್‌ಸ್ಟ್ರೂಸ್' ಕುಳಿತಿತ್ತು. ಸೀಮೆಸುಣ್ಣ ಹಿಡಿದು ನಿಂತೆ, ಮತ್ತೆ 'ಕ್ಲಿಷ್ಟ' ಎಂದೇ ಬರೆದೆ.

"ಎಲ್ಲವೂ ಕ್ಲಿಷ್ಟವೇ ಆದರೆ ಇಂಗ್ಲಿಷಿನವರು ಇಷ್ಟೊಂದು ಪದ ಯಾಕೆ ಇಟ್ಟುಕೊಂಡಿದ್ದಾರೆ ಮೇಡಂ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. 22 ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಗಂಟೆಯ ಸಪ್ಪಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಸಂಜೆ ಬಾಗಲಕೋಟೆಯ ನವನಗರದ ಮನೆಗೆ ಬಂದು ಚಹಾ ಕುಡಿಯುವಾಗ ಮೊದಲು ಕಾಡಿದ್ದು ಆ ಗೊಬ್ಬರ. ನಮ್ಮ ಕಡೆಯ ರೈತರು 'ಕಾಂಪ್ಲೆಕ್ಸ್' ಎಂದು ಕರೆಯುವ ಗೊಬ್ಬರದ ಚೀಲದ ಮೇಲೆ 10:26:26 ಎಂದು ಬರೆದಿರುತ್ತದೆ. ಐವತ್ತು ಕಿಲೋ ಚೀಲದಲ್ಲಿ ಸಾರಜನಕ 5 ಕಿಲೋ, ರಂಜಕ ಮತ್ತು ಪೊಟ್ಯಾಷ್ ತಲಾ 13 ಕಿಲೋ ಎಂದು ಅದರ ಲೆಕ್ಕ. ಮೂರು ಗೊಬ್ಬರಗಳನ್ನು ಮನೆಯಂಗಳದಲ್ಲಿ ಸುರಿದು ಸಲಿಕೆಯಿಂದ ಕಲಸಿದರೂ ಈ ಲೆಕ್ಕ ಹೊಂದಿಸಬಹುದು. ಆದರೆ ಅದನ್ನು ಮಿಶ್ರಣ ಎನ್ನುತ್ತಾರೆ. ತಾಳ್ಮೆಯಿದ್ದವನು ಬಿಳಿ ಕಾಳು ಒಂದು ಕಡೆ, ಬೂದು ಕಾಳು ಒಂದು ಕಡೆ ಆರಿಸಿಡಲೂಬಹುದು. ಕಾಂಪ್ಲೆಕ್ಸ್ ಗೊಬ್ಬರದಲ್ಲಿ ಹಾಗೆ ಆರಿಸಲು ಬರುವುದಿಲ್ಲ. ಒಂದೊಂದು ಕಾಳಿನಲ್ಲೂ ಮೂರೂ ಇವೆ. ನಿಘಂಟು ಬಿಡಿಸಿ ಹೇಳಲಾರದ್ದನ್ನು ಆ ಹುಡುಗ ಹೊಲದಿಂದ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದ. ನಾನು ನಕ್ಕು ಕೂರಿಸಿದ್ದೆ.

ಗುಳಿಗೆಯ ಕತೆಯೂ ಅಂಥದ್ದೇ. ಮೊದಲು ವಿಟಮಿನ್ ಬಿ ಎಂದರೆ ಒಂದೇ ಪದಾರ್ಥ ಎಂದು ತಿಳಿದಿದ್ದರು. ಆಮೇಲೆ ನೋಡಿದರೆ ಅದರೊಳಗೆ ಎಂಟು ಬೇರೆ ಬೇರೆ ವಿಟಮಿನ್ನುಗಳಿದ್ದವು. ಅವುಗಳ ಸಂಖ್ಯೆ 1, 2, 3 ಆದ ಮೇಲೆ 5ಕ್ಕೆ ಹಾರುತ್ತದೆ, ನಡುವೆ ಇನ್ನಷ್ಟು ಬಿಟ್ಟು 12ಕ್ಕೆ ನಿಲ್ಲುತ್ತದೆ. ಬಿಟ್ಟುಹೋದ ಸಂಖ್ಯೆಗಳಲ್ಲಿ ಹಲವು ವಿಟಮಿನ್ ಎಂದು ಒಳಗೆ ಬಂದು, ಅಲ್ಲವೆಂದು ಗೊತ್ತಾಗಿ ಹೊರಗೆ ಹೋದವು. ಒಟ್ಟು ಗುಂಪಿಗೆ ಉಳಿದ ಹೆಸರು ಕಾಂಪ್ಲೆಕ್ಸ್. ಬಸ್ ನಿಲ್ದಾಣದ ಎದುರಿನ ಕಟ್ಟಡಕ್ಕಂತೂ ನಮ್ಮ ಪತ್ರಿಕೆಗಳು 'ವಾಣಿಜ್ಯ ಸಂಕೀರ್ಣ' ಎಂದೇ ಬರೆಯುತ್ತವೆ. ಮೂವರ ಉತ್ತರವೂ ಸರಿಯಾಗಿತ್ತು.

ಇಂಗ್ಲಿಷ್ ಪದಗಳು ನಮ್ಮ ಊರಿಗೆ ಬಂದ ದಾರಿ ನೋಡಿದರೆ ಮೋಜೆನಿಸುತ್ತದೆ. ಒಂದೊಂದೂ ಒಂದೊಂದು ಬಾಗಿಲಿನಿಂದ ಒಳಗೆ ಬಂದು ಅಲ್ಲೇ ಜಗಲಿ ಹಿಡಿದು ಕುಳಿತಿದೆ. 'ಕಾಂಪ್ಲೆಕ್ಸ್' ಪೇಟೆಯಿಂದ ಬಂತು. 'ಕಾಂಪ್ಲಿಕೇಶನ್' ಹೆರಿಗೆ ಆಸ್ಪತ್ರೆಯಿಂದ ಬಂತು. ಆ ಪದ ಕಿವಿಗೆ ಬಿದ್ದರೆ ಹೊರಗೆ ಬೆಂಚಿನ ಮೇಲೆ ಕುಳಿತ ಅತ್ತೆಯ ಕೈ ತಾನಾಗಿ ತಾಳಿಗೆ ಹೋಗುತ್ತದೆ. 'ಡಿಫಿಕಲ್ಟ್' ಪರೀಕ್ಷೆಯಿಂದ, ಅದರಲ್ಲೂ ಗಣಿತದ ಪ್ರಶ್ನೆಪತ್ರಿಕೆಯಿಂದ. ಬಂದ ಬಾಗಿಲು ಬಿಟ್ಟು ಬೇರೆ ಕಡೆ ಅವು ಕಾಲಿಡುವುದಿಲ್ಲ. ನಮ್ಮಲ್ಲಿ ಯಾರೂ ಮನಸ್ಸನ್ನು ಕಾಂಪ್ಲೆಕ್ಸ್ ಎನ್ನುವುದಿಲ್ಲ, ಕಟ್ಟಡವನ್ನು ಕಾಂಪ್ಲಿಕೇಟೆಡ್ ಎನ್ನುವುದಿಲ್ಲ.

ನಿಘಂಟಿನಲ್ಲಿ ಈ ಎರಡರ ಬೇರು ಹುಡುಕಿದಾಗ ನಾನು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಗೆ ಹೋಗಿ ಬಿದ್ದೆ. ಲ್ಯಾಟಿನ್ನಿನಲ್ಲಿ 'ಪ್ಲಿಕಾರೆ' ಎಂದರೆ ಮಡಿಚುವುದು, 'ಪ್ಲೆಕ್ಟೆರೆ' ಎಂದರೆ ಹೆಣೆಯುವುದು. ಮೊದಲನೆಯದರಿಂದ ಕಾಂಪ್ಲಿಕೇಟೆಡ್, ಎರಡನೆಯದರಿಂದ ಕಾಂಪ್ಲೆಕ್ಸ್. ಇನ್ನೂ ಹಿಂದಕ್ಕೆ ಹೋದರೆ ಇವೆರಡೂ ಒಂದೇ ಮನೆಯ ದಾಯಾದಿಗಳು ಎನ್ನುತ್ತಾರೆ ಭಾಷಾ ಪಂಡಿತರು, ಇರಲಿ. ನೇಕಾರನ ಮಗಳಿಗೆ ಮಡಿಕೆ ಬೇರೆ, ಹೆಣಿಗೆ ಬೇರೆ.

ಅಪ್ಪ ಕುಣಿಮಗ್ಗದಲ್ಲಿ ಇಳಕಲ್ ಸೀರೆ ನೇಯುತ್ತಿದ್ದರು. ನೇಯ್ದ ಸೀರೆಯನ್ನು ಅವ್ವ ಮಡಿಚಿ ಇಡುತ್ತಿದ್ದಳು. ಮಡಿಕೆಯ ಮೇಲೆ ಮಡಿಕೆ, ಅದರ ಮೇಲೆ ಇನ್ನೊಂದು. ಸೆರಗು ಎಲ್ಲಿದೆ, ಅಂಚು ಎಲ್ಲಿ ಮುಗಿಯಿತು ಎಂದು ಹೊರಗಿನವರಿಗೆ ಹೊಳೆಯದು. ಆದರೆ ಎರಡು ಚುಂಗು ಹಿಡಿದು ಝಾಡಿಸಿದರೆ ಇಡೀ ಸೀರೆ ಹಾಸಿಗೆಯ ಮೇಲೆ ಚಪ್ಪಟೆಯಾಗಿ ಬೀಳುತ್ತದೆ, ಯಾವ ಗುಟ್ಟೂ ಉಳಿಯುವುದಿಲ್ಲ. ಕಾಂಪ್ಲಿಕೇಟೆಡ್ ಎಂದರೆ ಅದು. ಆದಾಯ ತೆರಿಗೆಯ ಅರ್ಜಿ, ಮಿಕ್ಸರಿನ ಒಳಗಿನ ತಂತಿಗಳು, ನಮ್ಮ ಸೋದರಮಾವನ ಮನೆಯ ಸಂಬಂಧಗಳ ಲೆಕ್ಕ, ಎಲ್ಲವನ್ನೂ ಒಂದೊಂದೇ ಮಡಿಕೆ ತೆಗೆದು ನೋಡಬಹುದು. ಬಿಡುವು ಬೇಕು, ಅಷ್ಟೇ.

ಇನ್ನು ಹೆಣಿಗೆ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಒಂದು ಎಳೆಗೆ ಒಂದು ಎಳೆ, ಹೀಗೆ ಸಾಲುಸಾಲಾಗಿ. ಚಿಕ್ಕಂದಿನಲ್ಲಿ ಅವ್ವನ ಪಕ್ಕ ಕುಳಿತು ಎಣಿಸಲು ಹೋಗಿ ಪ್ರತಿಸಲ ಮುನ್ನೂರರ ಆಚೆ ದಾರಿ ತಪ್ಪುತ್ತಿದ್ದೆ. ಕೊಂಡಿ ಬಿಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಅಷ್ಟು ಹತ್ತಿ ನೂಲು, ಇಷ್ಟು ರೇಷ್ಮೆ ನೂಲು, ಸೀರೆ ಉಳಿಯುವುದಿಲ್ಲ. ಬಿಡಿಸಿ ನೋಡಿದರೆ ಇಲ್ಲವಾಗುವ ವಸ್ತುಗಳಿಗೆ ಕಾಂಪ್ಲೆಕ್ಸ್ ಎಂಬ ಪದ ಸಲ್ಲುತ್ತದೆ. ನನ್ನ ಪಾಠದಲ್ಲಿದ್ದ ಮನುಷ್ಯನ ಮನಸ್ಸು ಆ ಸಾಲಿಗೆ ಸೇರಿದ್ದು. ಗಂಡನ ಮನೆ ಮತ್ತು ತವರಿನ ನಡುವೆ ನಿಂತ ಹೆಣ್ಣುಮಕ್ಕಳಿಗೆ ಇದನ್ನು ಲ್ಯಾಟಿನ್ನಿನಲ್ಲಿ ಹೇಳಬೇಕಾಗಿಲ್ಲ.

'ಇಂಟ್ರಿಕೇಟ್'ಗೆ 'ಕ್ಲಿಷ್ಟ' ಎಂದು ಬರೆದದ್ದಕ್ಕೆ ಮಾತ್ರ ಇಂದಿಗೂ ನಾಚಿಕೆಯಾಗುತ್ತದೆ. ಆ ಪದದ ಮೂಲದಲ್ಲಿ ತೊಡಕು, ಅಡ್ಡಿ ಎಂಬ ಅರ್ಥವೇ ಇದೆ, ನಿಜ. ಆದರೆ ಈಗ ಇಂಗ್ಲಿಷಿನವರು ಅದನ್ನು ಹೇಳುವಾಗ ಧ್ವನಿಯಲ್ಲಿ ಮೆಚ್ಚುಗೆ ಇರುತ್ತದೆ. ಕೆತ್ತನೆ, ಕಸೂತಿ, ಗಡಿಯಾರದ ಒಳಗಿನ ಹಲ್ಲುಚಕ್ರ, ಇವಕ್ಕೆ ಇಂಟ್ರಿಕೇಟ್ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಪದವಿಲ್ಲವೆಂದು ಯಾರಾದರೂ ಹೇಳಿದರೆ ಸಂಕ್ರಾಂತಿಯ ಮುಂಚೆ ನಮ್ಮ ಕಡೆಯ ಅಡುಗೆಮನೆಗೆ ಕರೆತನ್ನಿ. ಚಳಿಯ ಬೆಳಗಿನ ಜಾವ, ಹದವಾದ ಕೆಂಡದ ಮೇಲೆ ಅಗಲ ಪಾತ್ರೆ, ಅದರಲ್ಲಿ ಒಂದು ಹಿಡಿ ಎಳ್ಳು. ಚಮಚದ ತುದಿಯಿಂದ ತೆಳು ಸಕ್ಕರೆ ಪಾಕದ ಹನಿ ಬಿಡುತ್ತಾ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಪ್ರತಿ ಎಳ್ಳಿಗೂ ಮೆಲ್ಲಗೆ ಬಿಳಿ ಮುಳ್ಳು ಏಳುತ್ತವೆ. ಅವಸರ ಮಾಡಿದರೆ ಮುಳ್ಳು ಕೂರುವುದಿಲ್ಲ, ಉಂಡೆಗಟ್ಟುತ್ತದೆ. ಅದು ಕುಸುರೆಳ್ಳು. ಕುಸುರಿ ಕೆಲಸದ ಕುಸುರಿ. ಮೂವತ್ತು ವರ್ಷ ಪ್ರತಿ ಸಂಕ್ರಾಂತಿಗೆ ಕೈಯಲ್ಲಿ ಹಿಡಿದು ತಿಂದ ಪದ ಬೋರ್ಡಿನ ಮುಂದೆ ನಿಂತಾಗ ನಾಲಿಗೆಗೆ ಬರಲಿಲ್ಲ.

ಒಮ್ಮೆ ವಿದ್ಯಾರ್ಥಿಗಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆ. ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಅಕ್ಷರಗಳ ಸಂದಿನಿಂದ ತೂರಿಕೊಂಡು ಒಳಗೆ ಬರುತ್ತದೆ. ಅದು ಕುಸುರಿ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಗೋಳಗುಮ್ಮಟ ಹಾಗಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಆ ಗೋರಿ ಹೊರಗಿನಿಂದ ಚಿಕ್ಕ ಮಗು ಬಿಡಿಸಿದ ಚಿತ್ರದಂತಿದೆ: ಒಂದು ಚೌಕ, ಅದರ ಮೇಲೊಂದು ಅರ್ಧ ಚೆಂಡು. ಒಳಗೆ ನಿಂತು ಕತ್ತೆತ್ತಿದರೆ ಒಂದರೊಳಗೊಂದು ತಿರುಗಿಸಿಟ್ಟ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾದು, ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತು ನಿಂತಿವೆ. ಯಾವ ಕಮಾನನ್ನೂ ಒಂಟಿಯಾಗಿ ತೋರಿಸಿ 'ಭಾರ ಹೊತ್ತದ್ದು ಇದು' ಎನ್ನಲು ಬರುವುದಿಲ್ಲ. ಕುಸುರಿ ಇಲ್ಲದೆಯೂ ಹೆಣಿಗೆ ಇರಬಹುದು ಎಂದು ನನಗೆ ಹೊಳೆದದ್ದು ಅಲ್ಲಿ. ಹುಡುಗರಿಗೆ ಪ್ರತಿಧ್ವನಿ ಸಾಕಾಗಿತ್ತು.

ಇಷ್ಟು ಹೊತ್ತು ಹೇಳಿದ್ದು ವಸ್ತುವಿನ ಗುಣದ ಮಾತು. ಈ ಪದಗಳಲ್ಲಿ ನನಗೆ ನಿಜವಾಗಿ ಬೇಕಾದದ್ದು ಬೇರೆ ಇದೆ. ತಿಳಿಯದೆ ಹೋದಾಗ ತಪ್ಪು ಯಾರದು? ವಿಷಯದ್ದೋ, ಹೇಳಿದವನದೋ, ಕೇಳಿದವನದೋ? ಇಂಗ್ಲಿಷ್ ಪದಗಳು ಬಾಯಿಗೆ ಬರುವ ಮೊದಲೇ ಈ ಪಂಚಾಯಿತಿ ಮುಗಿಸಿರುತ್ತವೆ.

ಹೋದ ವರ್ಷ ಕಾಕಾ ಹಳ್ಳಿಯಿಂದ ಬಂದಿದ್ದರು. ಅವರ ಹೊಲದ ಒಂದು ಪಾಲು ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ. ಪ್ಲಾಸ್ಟಿಕ್ ಚೀಲದಿಂದ ಒಂದು ಪತ್ರ ತೆಗೆದು ಎರಡೂ ಕೈಯಿಂದ ಮಡಿಕೆ ಸರಿಮಾಡಿ ನನ್ನ ಮುಂದೆ ಹಿಡಿದರು. "ನಾಲ್ಕು ಸಲ ಓದಿದೆ. ಊರಿನ ಮಾಸ್ತರರಿಂದಲೂ ಓದಿಸಿದೆ. ತಿಳಿಯಲಿಲ್ಲ. ಬಿಡಿಸಿ ಹೇಳವ್ವ."

ಪತ್ರ ಕನ್ನಡದಲ್ಲೇ ಇತ್ತು. 'ಸದರಿ ಪ್ರಕರಣಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ, 'ಮೇಲ್ಕಾಣಿಸಿದ ಉಲ್ಲೇಖಗಳನ್ವಯ' ಎಂದು ಹೊರಳಿ, 'ತತ್ಸಂಬಂಧ', 'ತದನಂತರ', 'ಈಗಾಗಲೇ ಸೂಚಿಸಿರುವಂತೆ' ಎಂದು ಕುಂಟುತ್ತಾ ಇಡೀ ಹಾಳೆ ಇಳಿದು, ಕೊನೆಯ ಸಾಲಿನಲ್ಲಿ ಒಂದೇ ಒಂದು ಕ್ರಿಯಾಪದಕ್ಕೆ ಬಂದು ಕುಸಿದಿತ್ತು. ಪೆನ್ನು ಹಿಡಿದು ಎಣಿಸಿದೆ. ಒಂದು ವಾಕ್ಯ, 71 ಪದ. ಮೂರನೆಯ ಓದಿಗೆ ನನಗೂ ಹೊಳೆಯಿತು: ಮುಂದಿನ ತಿಂಗಳು ಇಂಥ ತಾರೀಖು ಹೊಲದ ಉತಾರ ಮತ್ತು ವಾರಸಾ ಕಾಗದದ ನಕಲು ತೆಗೆದುಕೊಂಡು ಕಚೇರಿಗೆ ಬನ್ನಿ.

"ಇಷ್ಟೇ?" ಎಂದರು ಕಾಕಾ. ಸ್ವಲ್ಪ ಸುಮ್ಮನಿದ್ದು, "ನಾನು ಏಳನೆಯ ಇಯತ್ತೆಗೆ ಬಿಟ್ಟವನು. ನನ್ನದೇ ಓದು ಕಡಿಮೆ ಆಯಿತು" ಎಂದರು.

ಆ ಮಾತಿಗೆ ನನಗೆ ಸಿಟ್ಟು ಬಂತು, ಕಾಕಾನ ಮೇಲಲ್ಲ. ಆ ಪತ್ರದಲ್ಲಿ ಹೆಣಿಗೆ ಇರಲಿಲ್ಲ, ಕುಸುರಿ ಇರಲಿಲ್ಲ, ಹುದುಗಿಸಿದ ಜ್ಞಾನವೂ ಇರಲಿಲ್ಲ. ಒಂದು ನೇರವಾದ ಮಾತನ್ನು ಚಾಪೆ ಸುತ್ತಿದಂತೆ ಸುತ್ತಿ ಇಟ್ಟಿದ್ದರು. ಇದಕ್ಕೆ ಇಂಗ್ಲಿಷಿನಲ್ಲಿ 'ಕನ್ವೊಲ್ಯೂಟೆಡ್' ಎನ್ನುತ್ತಾರೆ. ಸುರುಳಿ ಸುತ್ತು ಎಂಬ ಅರ್ಥದ ಬೇರಿನಿಂದ ಬಂದ ಪದ. ಆ ಪದ ಹಾಕಿದ ಕೂಡಲೇ ತಪ್ಪು ಬರೆದವನ ಹೆಗಲಿಗೆ ಹೋಗುತ್ತದೆ. 'ಪತ್ರ ಕ್ಲಿಷ್ಟವಾಗಿದೆ' ಎಂದರೆ ಹಾಗಾಗುವುದಿಲ್ಲ. ಕ್ಲಿಷ್ಟದ ಒಳಗಿರುವುದು ಕ್ಲೇಶ. ಅದು ಓದುವವನ ನೋವಿನ ಸುದ್ದಿ ಹೇಳುತ್ತದೆ, ನೋವು ಕೊಟ್ಟವನ ಸುದ್ದಿ ಹೇಳುವುದಿಲ್ಲ. ಕನ್ವೊಲ್ಯೂಟೆಡ್‌ಗೆ ನಮ್ಮಲ್ಲಿ ಸುತ್ತುಬಳಸು ಎಂಬ ಅಚ್ಚುಕಟ್ಟಾದ ಮಾತು ಇದೆ. ಅದನ್ನು ನಾವು ಮಾತಿನ ಬಗ್ಗೆ ಮಾತ್ರ ಬಳಸುತ್ತೇವೆ. ಮೊಹರು ಬಿದ್ದ ಕಾಗದದ ಬಗ್ಗೆ ಹಾಗೆನ್ನಲು ಧೈರ್ಯ ಸಾಲದು.

ಅಮೆರಿಕದಲ್ಲಿ ಆ ಧೈರ್ಯ ತೋರಿಸಿದವನು ಮೌರಿ ಮೇವರಿಕ್, ಟೆಕ್ಸಾಸಿನ ರಾಜಕಾರಣಿ. 1944ರಲ್ಲಿ ತನ್ನ ಕೈಕೆಳಗಿನವರು ಬರೆಯುತ್ತಿದ್ದ ಉಬ್ಬಿದ ಕಚೇರಿ ಭಾಷೆಯಿಂದ ಬೇಸತ್ತು 'ಗಾಬಲ್ಡಿಗೂಕ್' ಎಂಬ ಪದವನ್ನೇ ಹುಟ್ಟಿಸಿದ. ಟರ್ಕಿ ಕೋಳಿ ಕೊರಳುಬ್ಬಿಸಿ ಗೊಳಗೊಳ ಎನ್ನುವ ಸದ್ದು ಅವನ ತಲೆಯಲ್ಲಿತ್ತು. ನಮ್ಮ ಕಡೆ ಆ ಕೋಳಿ ಕಡಿಮೆ, ಕಾಗದಕ್ಕೆ ಬರವಿಲ್ಲ.

ಕಚೇರಿಯ ಮಾತು ಬಂದಾಗ 'ಬೈಜಾಂಟೈನ್' ಬಿಡಲಾದೀತೇ? ಒಂದು ಸಹಿಗಾಗಿ ಏಳು ಮೇಜು ಸುತ್ತಿಸುವ ವ್ಯವಸ್ಥೆಗೆ ಇಂಗ್ಲಿಷಿನವರು ಹಾಗೆನ್ನುತ್ತಾರೆ. ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳಿದ ಆ ಸಾಮ್ರಾಜ್ಯದವರು ತಮ್ಮನ್ನು ರೋಮನ್ನರು ಎಂದೇ ಕರೆದುಕೊಳ್ಳುತ್ತಿದ್ದರು. ಬೈಜಾಂಟೈನ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಅವರು ಅಳಿದ ಮೇಲೆ, ಬೈಗುಳವಾದದ್ದು ಇನ್ನೂ ತಡವಾಗಿ. 1453ರಲ್ಲಿ ಆ ನಗರವನ್ನು ಗೆದ್ದವನು ಆಟೊಮನ್ ಸುಲ್ತಾನ ಎರಡನೆಯ ಮೆಹಮದ್. ವಿಜಯಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ಒಂದು ಕತೆ ಹೇಳುತ್ತಾನೆ: ಆದಿಲ್ ಶಾಹಿ ಮನೆತನದ ಮೂಲಪುರುಷ ಯೂಸುಫ್ ಆ ಮೆಹಮದನ ತಮ್ಮ, ಅಣ್ಣ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲಿಸಬಹುದೆಂದು ಹೆದರಿದ ತಾಯಿ ಬೇರೆ ಹುಡುಗನನ್ನು ಅವನ ಜಾಗದಲ್ಲಿಟ್ಟು ಮಗನನ್ನು ಗುಟ್ಟಾಗಿ ಪರ್ಷಿಯಾಕ್ಕೆ ದಾಟಿಸಿದಳು. ಇಂದಿನ ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ನನಗಂತೂ ಬಿಡಲು ಮನಸ್ಸಿಲ್ಲ. ಬೈಜಾಂಟೈನ್ ಎಂಬ ಪದಕ್ಕೆ ನಮ್ಮ ಜಿಲ್ಲೆಗಳ ಜೊತೆ ಒಂದು ಕರುಳಿನ ಸಂಬಂಧ ಇದೆಯೆಂದು ತರಗತಿಯಲ್ಲಿ ಹೇಳಿದರೆ ಹುಡುಗರು ಆ ಪದ ಮರೆಯುವುದಿಲ್ಲ.

'ಲ್ಯಾಬಿರಿಂತ್' ಎಂಬುದು ಕ್ರೀಟ್ ದ್ವೀಪದ ಪುರಾಣದ ಚಕ್ರಬಂಧ. ಕನ್ನಡಕ್ಕೆ ತರುವವರು ತಟ್ಟನೆ ಚಕ್ರವ್ಯೂಹ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಪುರಾಣದ ವೀರ ಥೀಸಿಯಸ್ ಕೈಯಲ್ಲಿ ನೂಲಿನ ಉಂಡೆ ಇತ್ತು, ಬಿಚ್ಚುತ್ತಾ ಒಳಗೆ ಹೋದ, ಅದನ್ನೇ ಹಿಡಿದು ಹೊರಗೆ ಬಂದ. ಅಭಿಮನ್ಯುವಿಗೆ ಒಳಗಿನ ದಾರಿ ತಿಳಿದಿತ್ತು, ಹೊರಗಿನದು ತಿಳಿದಿರಲಿಲ್ಲ. ಅವನಿಗೆ ಯಾರೂ ನೂಲು ಕೊಡಲಿಲ್ಲ. ಹಾದಿ ತಪ್ಪುವುದೂ ಹಾದಿ ಮುಚ್ಚಿಹೋಗುವುದೂ ಒಂದೇ ಅಲ್ಲ. ಅಂದ ಹಾಗೆ ಇಂಗ್ಲಿಷಿನಲ್ಲಿ ನೂಲಿನ ಉಂಡೆಗೆ 'ಕ್ಲ್ಯೂ' ಎನ್ನುತ್ತಿದ್ದರು. ಪೊಲೀಸರು ಹುಡುಕುವ 'ಕ್ಲೂ' ಅದೇ ಪದ. ನಮ್ಮ ಮನೆಯ ಮೂಲೆಮೂಲೆಯಲ್ಲಿ ಅಂಥ ಕ್ಲೂಗಳು ಬಿದ್ದಿರುತ್ತಿದ್ದವು, ಬೆಕ್ಕು ಆಡುತ್ತಿತ್ತು.

ಹಾದಿ ತಪ್ಪುವ ಮಾತಿಗೆ ಬಾಗಲಕೋಟೆ ಒಳ್ಳೆಯ ಸಾಕ್ಷಿ. ಹಳೆಯ ಊರಿನ ಓಣಿಗಳು ಹಗ್ಗ ಚೆಲ್ಲಿದಂತಿದ್ದವು. ಆದರೂ ಅಲ್ಲಿ ಯಾರೂ ಕಳೆದುಹೋಗುತ್ತಿರಲಿಲ್ಲ. ಬೇವಿನ ಮರದ ಹತ್ತಿರ ಎಡಕ್ಕೆ, ಮಿರ್ಚಿ ಕರಿಯುವ ವಾಸನೆ ಬಂದರೆ ಬಲಕ್ಕೆ. ಹಿನ್ನೀರಿನ ಕಾರಣಕ್ಕೆ ಕಟ್ಟಿದ ನವನಗರ ಅಳತೆಪಟ್ಟಿ ಇಟ್ಟು ಎಳೆದದ್ದು, ಸೆಕ್ಟರಿಗೆ ಸಂಖ್ಯೆ, ಮನೆಗೆ ಸಂಖ್ಯೆ. ನಮ್ಮ ಮನೆಗೆ ಬರುವ ನೆಂಟರು ಇಲ್ಲೇ ದಾರಿ ತಪ್ಪಿ, "ಎಲ್ಲ ಕ್ರಾಸೂ ಒಂದೇ ನಮೂನೆ ಇವೆಯಲ್ಲ" ಎಂದು ಫೋನು ಮಾಡುವುದು. ನೇರ ಗೆರೆಗಳಿಂದಲೂ ಲ್ಯಾಬಿರಿಂತ್ ಕಟ್ಟಬಹುದು.

ಅಬ್‌ಸ್ಟ್ರೂಸ್‌ಗೆ ಬರುತ್ತೇನೆ, ಹುಡುಗಿಯ ಸಾಲ ಬಾಕಿ ಇದೆ. ಇಂಗ್ಲಿಷಿನಲ್ಲಿ ಬಚ್ಚಿಟ್ಟ ವಸ್ತುಗಳದ್ದೇ ಒಂದು ಪದಗಳ ಓಣಿ. ಅಬ್‌ಸ್ಟ್ರೂಸ್ ಎಂದರೆ ಕೈಗೆ ಎಟುಕದಂತೆ ಆಚೆ ತಳ್ಳಿದ್ದು. ರೆಕಂಡೈಟ್ ಎಂದರೆ ಒಳಗೆ ತೆಗೆದಿಟ್ಟದ್ದು. ಅರ್ಕೇನ್ ಪದಕ್ಕೆ ಪೆಟ್ಟಿಗೆಯ ನಂಟು ಇದೆ, ಮುಚ್ಚಳ ಹಾಕಿದ್ದು. ಎಸೋಟೆರಿಕ್ ಎಂದರೆ ಒಳಗಿನವರದು, ದೀಕ್ಷೆ ಆದವರದು. ಕ್ರಿಪ್ಟಿಕ್ ಎಂದರೆ ಬೇಕೆಂದೇ ಮರೆಮಾಡಿದ್ದು. ಇವಕ್ಕೆಲ್ಲ ನಾವು ಗೂಢ, ನಿಗೂಢ, ಗುಪ್ತ ಎಂದು ಮುಗಿಸುತ್ತೇವೆ.

ಕ್ರಿಪ್ಟಿಕ್ ಎಂದರೇನೆಂದು ತೋರಿಸಲು ನನಗೆ ದನಗಳ ಜಾತ್ರೆಗಿಂತ ಒಳ್ಳೆಯ ತರಗತಿ ಗೊತ್ತಿಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ, ಅದರ ಜೊತೆಗೆ ದನಗಳ ವ್ಯಾಪಾರವೂ. ಇಬ್ಬರು ಮಾತಿಲ್ಲದೆ ನಿಂತಿರುತ್ತಾರೆ, ಇಬ್ಬರ ಕೈ ಮೇಲೂ ಒಂದು ಟವೆಲ್. ಒಳಗೆ ಬೆರಳುಗಳು ಬೆರಳುಗಳಿಗೆ ದರ ಹೇಳುತ್ತಿರುತ್ತವೆ. ಸುತ್ತ ನಿಂತ ಐವತ್ತು ಜನಕ್ಕೆ ಕಾಣುವುದು ಟವೆಲ್ ಮಾತ್ರ. ಬೆರಳಿನ ಲೆಕ್ಕ ಕಲಿತವನಿಗೆ ಅದರಲ್ಲಿ ಕಷ್ಟವೇನೂ ಇಲ್ಲ.

ಎಸೋಟೆರಿಕ್‌ಗೆ ನಮ್ಮಲ್ಲಿ ಇನ್ನೂ ಸುಂದರವಾದ ಪದ ಇದೆ. ಕೂಡಲಸಂಗಮ ನಮ್ಮ ಜಿಲ್ಲೆಯದು, ಅಲ್ಲಿಗೆ ಹೋದವರ ಬಾಯಲ್ಲಿ ವಚನಗಳು ಬರುವುದು ಸಹಜ. ಬಸವಣ್ಣನವರ ಹಲವು ವಚನ ಕೇಳಿದ ಕೂಡಲೇ ಒಳಗೆ ಇಳಿಯುತ್ತವೆ. ಅಲ್ಲಮನ ಕೆಲವು ವಚನಗಳಲ್ಲಿ ಪ್ರತಿ ಪದವೂ ಗೊತ್ತಿರುತ್ತದೆ, ವಾಕ್ಯ ಮಾತ್ರ ಬಾಗಿಲು ತೆರೆಯುವುದಿಲ್ಲ. ಅವಕ್ಕೆ ಬೆಡಗಿನ ವಚನ ಎಂದು ಹೆಸರು. ಅನುಭಾವದ ಹಾದಿ ತುಳಿದವರಿಗೆ ಅವು ತೆರೆದುಕೊಳ್ಳುತ್ತವೆ, ಉಳಿದವರಿಗಾಗಿ ಮುಂದೆ ಟೀಕೆ ಬರೆದರು. ಬೆಡಗು ಎಂದರೆ ಚೆಲುವೂ ಹೌದು. ತಿಳಿಯದ ಮಾತಿಗೆ ಚೆಲುವಿನ ಹೆಸರಿಟ್ಟವರನ್ನು ನೆನೆದರೆ ಅವರು ತಿಳಿಯದಿರುವಿಕೆಗೆ ಹೆದರುತ್ತಿರಲಿಲ್ಲ ಎನಿಸುತ್ತದೆ. ಕಾಕಾನ ಪತ್ರಕ್ಕೂ ಅಲ್ಲಮನ ವಚನಕ್ಕೂ ಒಂದೇ 'ಕ್ಲಿಷ್ಟ' ಎಂಬ ಮೊಹರು ಹೊಡೆಯುವವರು ನಾವು.

ಇನ್ನು ಆಬ್‌ಸ್ಕ್ಯೂರ್, ಒಪೇಕ್ ಎಂಬವು ಕತ್ತಲೆಯ, ಬೆಳಕು ಹಾಯದಿರುವುದರ ಪದಗಳು. ಕನ್ನಡ ಇದನ್ನು ಬೆಳಕಿಗಿಂತ ಹೆಚ್ಚಾಗಿ ನೀರಿನಲ್ಲಿ ನೋಡಿತು. 'ತಿಳಿ' ಎಂದರೆ ಅರಿ, 'ತಿಳಿ' ಎಂದರೆ ರಾಡಿಯಿಲ್ಲದ ನೀರು. ಮಳೆಗಾಲದ ಘಟಪ್ರಭೆಯ ಕೆಂಪು ನೀರನ್ನು ಕೊಡದಲ್ಲಿ ತುಂಬಿ, ಒಂದು ಸುತ್ತು ಪಟಿಕ ಆಡಿಸಿ, ಅಲುಗಾಡಿಸದೆ ಇಟ್ಟರೆ ಬೆಳಗಿನ ಹೊತ್ತಿಗೆ ಮಣ್ಣು ತಳಕ್ಕೆ ಇಳಿದಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ವಿದ್ಯಾರ್ಥಿಗಳು ಕೊಡವನ್ನು ಅಲುಗಾಡಿಸುತ್ತಲೇ ಇರುತ್ತಾರೆ.

ನಮ್ಮ ಪದಗಳನ್ನು ನಾನು ಹಳಿಯುತ್ತಿಲ್ಲ. ಜಟಿಲದೊಳಗೆ ಜಟೆ ಇದೆ, ಎಣ್ಣೆ ಕಾಣದ ಕೂದಲಿನ ಗಂಟು. ಗಹನ ಎಂದರೆ ದಟ್ಟ ಕಾಡು. ಅಲ್ಲಿ ತಪ್ಪು ಯಾರದೂ ಅಲ್ಲ, ಕಾಡು ಇರುವುದೇ ಹಾಗೆ. ಕಬ್ಬಿಣದ ಕಡಲೆ ಎಂದಾಗ ನಾವು ಕಡಲೆಗಿಂತ ನಮ್ಮ ಹಲ್ಲಿನ ಬಗ್ಗೆ ಹೆಚ್ಚು ಹೇಳಿಕೊಳ್ಳುತ್ತಿರುತ್ತೇವೆ. ಗೊಂದಲವನ್ನು ತೆಗೆದುಕೊಳ್ಳಿ. ಬ್ಯಾಂಕಿನ ಕೆಲಸದಲ್ಲಿದ್ದು ಬೆಳಗಾವಿಯಲ್ಲಿ ನೆಲೆಸಿದ ನನ್ನ ತಂಗಿಯ ನೆರೆಹೊರೆ ಮರಾಠಿಯದು. ಅಲ್ಲಿ ಗೋಂಧಳ ಎಂದರೆ ದೇವಿಯ ಹೆಸರಿನಲ್ಲಿ ರಾತ್ರಿಯಿಡೀ ನಡೆಯುವ ಹಾಡು-ಕತೆಯ ಮೇಳ, ಗದ್ದಲ ಎಂಬ ಅರ್ಥವೂ ಅದಕ್ಕಿದೆ. ಗೊಂದಲಿಗರ ಸಂಬಾಳ ವಾದ್ಯವನ್ನು ಹತ್ತಿರ ನಿಂತು ಕೇಳಿದವರಿಗೆ ಇದರಲ್ಲಿ ಅಚ್ಚರಿ ಕಾಣದು. ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ಬರೆಯಲು ಕುಳಿತರೆ ಮಾತ್ರ ಕ್ಲಿಷ್ಟ, ಜಟಿಲ, ಸಂಕೀರ್ಣ ಎಂಬ ಮೂರೇ ಡಬ್ಬಿಗಳಿಗೆ ಕೈ ಹೋಗುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಇಪ್ಪತ್ತು ಡಬ್ಬಿ ಇದ್ದರೂ ಮುಂದಿನ ಸಾಲಿನ ಮೂರನ್ನೇ ತೆಗೆಯುವ ಸೊಸೆಯ ಹಾಗೆ.

ಮರುದಿನ ತರಗತಿಯಲ್ಲಿ ಇದರಲ್ಲಿ ಅರ್ಧ ಹೇಳಿದೆ. ಅಲೆಕ್ಸಾಂಡರನ ಗಂಟಿನ ಕತೆಯನ್ನೂ ಹೇಳಿದೆ. ಕ್ರಿಸ್ತಪೂರ್ವ 333ರಲ್ಲಿ ಗಾರ್ಡಿಯಂ ಎಂಬ ಊರಿನಲ್ಲಿ ಯಾರೂ ಬಿಡಿಸಲಾಗದ ಕಗ್ಗಂಟನ್ನು ಅವನು ಕತ್ತಿಯಿಂದ ಕತ್ತರಿಸಿದನಂತೆ. ತೊಡಕಾದ ಸಮಸ್ಯೆಗೆ ಇಂಗ್ಲಿಷಿನವರು ಇಂದಿಗೂ ಗಾರ್ಡಿಯನ್ ಗಂಟು ಎನ್ನುತ್ತಾರೆ. ಹುಡುಗರು ಚಪ್ಪಾಳೆ ತಟ್ಟಿದರು.

ಅದೇ ಕತೆಯನ್ನು ಭಾನುವಾರ ಇಳಕಲ್ಲಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರಿಗೆ ಈಗ 78. ಮಗ್ಗ ಬಿಟ್ಟು ಎಷ್ಟೋ ವರ್ಷವಾದರೂ ಬೆರಳುಗಳು ಸುಮ್ಮನೆ ಕೂರುವುದಿಲ್ಲ, ಮೊಮ್ಮಗಳ ಗಾಳಿಪಟದ ದಾರದ ಸಿಕ್ಕು ಬಿಡಿಸುತ್ತಿದ್ದರು. ಚಪ್ಪಾಳೆ ತಟ್ಟಲಿಲ್ಲ. "ಕತ್ತರಿಸಿದರೆ ಒಂದು ಗಂಟು ಹೋಗಿ ಎರಡು ತುದಿ ಉಳಿಯುತ್ತವೆ. ಅವನ್ನು ಕೂಡಿಸಲು ಮತ್ತೆ ಗಂಟು ಹಾಕಬೇಕು. ಯಾರ ಮನೆಯ ದಾರ ಅದು?" ಎಂದರು. ಸಿಕ್ಕಿನಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲಿ ಉಗುರು ಹಾಕಿ ಮೆಲ್ಲಗೆ ಬಿಡಿಸುತ್ತಿದ್ದರು. ಬಿಗಿ ಇದ್ದಲ್ಲಿಗೆ ಕೈ ಹಾಕುತ್ತಿರಲಿಲ್ಲ. ಇಂಗ್ಲಿಷಿನ 'ಸಾಲ್ವ್' ಲ್ಯಾಟಿನ್ನಿನಿಂದ, 'ಅನಾಲಿಸಿಸ್' ಗ್ರೀಕಿನಿಂದ ಬಂದವು, ಎರಡರ ಮೂಲಾರ್ಥವೂ ಸಡಿಲಿಸುವುದು, ಬಿಚ್ಚುವುದು. ನಾವು ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಕಾಕಾ ಹೇಳಿದಂತೆ ಪತ್ರವನ್ನೂ ಬಿಡಿಸಿ ಹೇಳುತ್ತೇವೆ. ಮೂರೂ ಭಾಷೆಗಳಿಗೆ ಈ ಮಾತು ಕಲಿಸಿದವರು ನೂಲಿನ ಜೊತೆ ಬದುಕಿದವರೇ ಇರಬೇಕು ಎಂದು ಅಪ್ಪನಿಗೆ ಹೇಳಿದೆ. "ಹೂಂ" ಎಂದರು, ದಾರದಿಂದ ಕಣ್ಣು ತೆಗೆಯದೆ.

ಒಂದು ಪದ ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ: 'ಸಟಲ್'. ಕಣ್ಣಿಗೆ ಬೀಳದ, ಆದರೆ ಇಲ್ಲದಿದ್ದರೆ ಗೊತ್ತಾಗುವ ಅಂಶಕ್ಕೆ ಹಾಗೆನ್ನುತ್ತಾರೆ. 'ಸೂಕ್ಷ್ಮ' ಎಂದು ಅನುವಾದಿಸುವುದು ರೂಢಿ. ನನಗೆ ಅದು ಸಾಲದು, ಯಾಕೆಂದರೆ ಸೂಕ್ಷ್ಮ ಎಂದ ಕೂಡಲೇ ನಮಗೆ ಬಂದೋಬಸ್ತಿನ ಪೊಲೀಸರು ನೆನಪಾಗುತ್ತಾರೆ. ಮೂಲದಲ್ಲಿ ಆ ಪದ ಹಾಸಿನ ಅಡಿಯಲ್ಲಿ ಹಾಯುವ ನವಿರಾದ ಎಳೆಯಿಂದ ಬಂದಿದೆ ಎಂದು ನಿಘಂಟುಗಳು ಹೇಳುತ್ತವೆ. ಹಾಗಿದ್ದರೆ ಉತ್ತರ ನಮ್ಮ ಪಡಸಾಲೆಯಲ್ಲೇ ಇರಬೇಕಲ್ಲ ಎಂದುಕೊಂಡು ಅಪ್ಪನ ಪಕ್ಕ ಕುಳಿತೆ. "ಅಪ್ಪಾ, ಹಾಸಿನ ಕೆಳಗೆ ಕಾಣದ ಹಾಗೆ ಹಾಯ್ದುಹೋಗುವ ತೀರ ಸಣ್ಣ ಎಳೆಗೆ ನೀವು ಏನೆನ್ನುತ್ತಿದ್ದಿರಿ?"

ಅಪ್ಪ ದಾರ ಕೆಳಗಿಟ್ಟರು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ ಕೇಳಿದರು:

"ಎಷ್ಟನೆಯ ನಂಬರಿನ ನೂಲು?"